ಆನುವಂಶಿಕ ಕಬ್ಬಿಣಾಂಶ ಅಧಿಕತೆ: ಮಾತ್ರೆಗಳ ಬಳಕೆ ಮತ್ತು ಸೌಲಭ್ಯಗಳ ಬಗ್ಗೆ ಮಾಹಿತಿ (ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು)

1. ಪೀಠಿಕೆ

2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆ ಹಾಗೂ ಆರೋಗ್ಯ ಕೇಂದ್ರಗಳ ಮೂಲಕ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಉಚಿತವಾಗಿ ವಿತರಿಸಲಾಗುತ್ತದೆ. ಬಹುಪಾಲು ಜನರಿಗೆ ಇವು ಅವಶ್ಯಕ. ಆದರೆ ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳಲ್ಲಿ ರಕ್ತ ಕಡಿಮೆ ಇದ್ದರೂ ಶರೀರದಲ್ಲಿ ಕಬ್ಬಿಣಾಂಶ ಅಧಿಕವಾಗಿರುತ್ತದೆ. ಅಂತಹವರಿಗೆ ಇದೇ ಮಾತ್ರೆ ಹಾನಿಕರವಾಗಬಹುದು.

2. ಕಾಯಿಲೆಯ ಸ್ವರೂಪ

ಆರೋಗ್ಯವಂತರು ಆಹಾರದಿಂದ ದಿನಕ್ಕೆ 1ರಿಂದ 2 ಮಿ.ಗ್ರಾಂ. ಕಬ್ಬಿಣಾಂಶ ಹೀರಿಕೊಳ್ಳುತ್ತಾರೆ. ಹೆಚ್ಚಾದುದನ್ನು ಹೊರಹಾಕುವ ವ್ಯವಸ್ಥೆ ಶರೀರದಲ್ಲಿಲ್ಲ. ಅದು ಯಕೃತ್ತು, ಹೃದಯ ಹಾಗೂ ಗ್ರಂಥಿಗಳಲ್ಲಿ ಶೇಖರವಾಗಿ ಸಿರೋಸಿಸ್, ಹೃದಯ ವೈಫಲ್ಯ ಮತ್ತು ಮಧುಮೇಹಕ್ಕೆ ಕಾರಣವಾಗುತ್ತದೆ.

ಯೂರೋಪ್ ಮೂಲದವರಲ್ಲಿ ಸಾಮಾನ್ಯವಾಗಿರುವ ಹಿಮೋಕ್ರೊಮಟೋಸಿಸ್ ಭಾರತದಲ್ಲಿ ವಿರಳ. ಇಲ್ಲಿ ಮುಖ್ಯ ಕಾರಣ ಥಲಸ್ಸೇಮಿಯಾ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200ರಿಂದ 250 ಮಿ.ಗ್ರಾಂ. ಕಬ್ಬಿಣಾಂಶವಿದ್ದು, ಪದೇ ಪದೇ ರಕ್ತ ಪಡೆಯುವವರಲ್ಲಿ ಅದು ಶೇಖರವಾಗುತ್ತಾ ಹೋಗುತ್ತದೆ. ರಕ್ತ ಪಡೆಯದ ಥಲಸ್ಸೇಮಿಯಾ ಇಂಟರ್‌ಮೀಡಿಯಾ ರೋಗಿಗಳಲ್ಲಿಯೂ ಕರುಳು ಅಗತ್ಯಕ್ಕಿಂತ ಹೆಚ್ಚು ಕಬ್ಬಿಣಾಂಶ ಹೀರಿಕೊಳ್ಳುತ್ತದೆ.

3. ಮಾತ್ರೆಗಳ ಬಗ್ಗೆ ಪಾಲಿಸತಕ್ಕ ಅಂಶಗಳು

ಅ) ಥಲಸ್ಸೇಮಿಯಾ ಮೇಜರ್ ದೃಢಪಟ್ಟವರಿಗೆ ಹಾಗೂ ಪದೇ ಪದೇ ರಕ್ತ ಪಡೆದವರಿಗೆ ಕಾರ್ಯಕ್ರಮದ ಮಾತ್ರೆ ನೀಡಬಾರದೆಂದು ಮಾರ್ಗಸೂಚಿಯಲ್ಲಿಯೇ ತಿಳಿಸಲಾಗಿದೆ. ಪೋಷಕರು ವೈದ್ಯರ ಚೀಟಿಯ ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. 5ರಿಂದ 9 ವರ್ಷದವರ ಗುಲಾಬಿ ಮಾತ್ರೆಯಲ್ಲಿ 45 ಮಿ.ಗ್ರಾಂ., 10ರಿಂದ 19 ವರ್ಷದವರ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣಾಂಶವಿರುತ್ತದೆ.

ಆ) ಥಲಸ್ಸೇಮಿಯಾ ವಾಹಕರು ಮಾತ್ರ ಆಗಿರುವವರು, ವಿಶೇಷವಾಗಿ ಗರ್ಭಿಣಿಯರು, ಸ್ವಂತ ತೀರ್ಮಾನದಿಂದ ಮಾತ್ರೆ ನಿಲ್ಲಿಸಬಾರದು. ಅವರಲ್ಲಿ ಕಬ್ಬಿಣಾಂಶದ ಕೊರತೆಯೂ ಇರಬಹುದು. ಸೀರಮ್ ಫೆರಿಟಿನ್ ಪರೀಕ್ಷೆಯ ನಂತರ ವೈದ್ಯರು ನಿರ್ಧರಿಸುತ್ತಾರೆ.

ಇ) ಟಾನಿಕ್, ಮಲ್ಟಿವಿಟಮಿನ್ ಹಾಗೂ ಆರೋಗ್ಯ ಪೇಯಗಳ ಲೇಬಲ್ ಓದಿಕೊಳ್ಳುವುದು. ಲೋಹಭಸ್ಮ, ಮಂಡೂರಭಸ್ಮ ಮತ್ತು ಲೋಹಾಸವಗಳಲ್ಲಿಯೂ ಕಬ್ಬಿಣವಿರುವುದರಿಂದ ಆಯುರ್ವೇದ ವೈದ್ಯರಿಗೂ ಕಾಯಿಲೆಯನ್ನು ತಿಳಿಸುವುದು.

ಈ) ವಿಟಮಿನ್ ಸಿ ಮಾತ್ರೆಗಳು ಕಬ್ಬಿಣಾಂಶ ಹೀರುವಿಕೆಯನ್ನು ಹೆಚ್ಚಿಸುತ್ತವೆ. ವೈದ್ಯರು ಸೂಚಿಸಿದಲ್ಲಿ ಮಾತ್ರ ಸೇವಿಸುವುದು.

ಉ) ಮದ್ಯಪಾನ ವರ್ಜಿಸುವುದು. ಮರುವಾಯಿ ಮುಂತಾದ ಚಿಪ್ಪುಜೀವಿಗಳನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿನ್ನಬಾರದು. ಕಬ್ಬಿಣಾಂಶ ಅಧಿಕವಿರುವವರಲ್ಲಿ ಇವುಗಳಿಂದ ತೀವ್ರ ಸೋಂಕು ತಗಲುವ ಸಾಧ್ಯತೆ ಇದೆ.

4. ಪರೀಕ್ಷೆ ಮತ್ತು ಚಿಕಿತ್ಸೆ

ಪುತ್ತೂರು ಮತ್ತು ಸುಳ್ಯ ತಾಲ್ಲೂಕು ಆಸ್ಪತ್ರೆ ಅಥವಾ ಕಡಬ ಸಮುದಾಯ ಆರೋಗ್ಯ ಕೇಂದ್ರದ ವೈದ್ಯರನ್ನು ಮೊದಲು ಕಾಣುವುದು. ಅಗತ್ಯವಿದ್ದಲ್ಲಿ ಅಲ್ಲಿಂದ ಚೀಟಿ ಪಡೆದು ಮಂಗಳೂರಿನ ಜಿಲ್ಲಾ ವೆನ್‌ಲಾಕ್ ಆಸ್ಪತ್ರೆಗೆ ತೆರಳಬಹುದು. ಸಾಮಾನ್ಯವಾಗಿ 10ರಿಂದ 20 ಬಾರಿ ರಕ್ತ ಪಡೆದ ನಂತರ ಅಥವಾ ಫೆರಿಟಿನ್ 1000 ನ್ಯಾನೊಗ್ರಾಂ/ಮಿ.ಲೀ. ಮೀರಿದಾಗ ಕಬ್ಬಿಣಾಂಶ ಹೊರಹಾಕುವ ಔಷಧ ಆರಂಭಿಸಲಾಗುತ್ತದೆ. ಡೆಫೆರಿಪ್ರೋನ್ ಸೇವಿಸುತ್ತಿರುವವರು ಜ್ವರ ಬಂದಲ್ಲಿ ಔಷಧ ನಿಲ್ಲಿಸಿ, ಕೂಡಲೇ ವೈದ್ಯರನ್ನು ಕಂಡು ಬಿಳಿ ರಕ್ತಕಣಗಳ ಪರೀಕ್ಷೆ ಮಾಡಿಸತಕ್ಕದ್ದು.

ರೋಗಿಯ ಸಹೋದರ, ಸಹೋದರಿಯರೂ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಪತಿ, ಪತ್ನಿ ಇಬ್ಬರೂ ಬೀಟಾ ಥಲಸ್ಸೇಮಿಯಾ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲಿ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25.

5. ಸೌಲಭ್ಯಗಳು

ಥಲಸ್ಸೇಮಿಯಾವನ್ನು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಸೇರಿಸಲಾಗಿದೆ. ವಿಶಿಷ್ಟ ಗುರುತಿನ ಚೀಟಿಗಾಗಿ (ಯು.ಡಿ.ಐ.ಡಿ.) ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಭಾವಚಿತ್ರ, ಆಧಾರ್, ವಾಸಸ್ಥಳದ ದಾಖಲೆ ಹಾಗೂ ವೈದ್ಯಕೀಯ ವರದಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ವೈದ್ಯಕೀಯ ಪ್ರಾಧಿಕಾರವು ತಪಾಸಣೆ ನಡೆಸಿ ಶೇಕಡಾವಾರು ಪ್ರಮಾಣವನ್ನು ನಿಗದಿಪಡಿಸುತ್ತದೆ. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40 ಅಗತ್ಯ. ಅರ್ಜಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಮಾತ್ರೆಯ ಬಗ್ಗೆ ಸಂದೇಹವಿದ್ದಲ್ಲಿ, ಸೇವಿಸುವ ಅಥವಾ ನಿಲ್ಲಿಸುವ ಮುನ್ನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಸಾರ್ವಜನಿಕರನ್ನು ಕೋರಲಾಗಿದೆ.