ಹೃದಯದ ಗುಟ್ಟು ಹೇಳಿದ ಕೆಂಪು ರಕ್ತಕಣ

ಮೈಸೂರಿನಲ್ಲಿ ಕಣಗಿಲೆ ಗಿಡವನ್ನು ನೋಡದವರು ಯಾರು? ಬೆಳಿಗ್ಗೆ ಎದ್ದು ಪೂಜೆಗೆಂದು ಬಿಡಿಸುವ ಈ ಹೂವಿನ ಗಿಡದಲ್ಲಿ ಹೃದಯವನ್ನೇ ತಟ್ಟುವ ವಿಷವಿದೆ. ಇಂಗ್ಲೆಂಡಿನ ಫಾಕ್ಸ್‌ಗ್ಲೌವ್ ಗಿಡದ ಎಲೆಯಲ್ಲಿರುವುದೂ ಇದೇ ಜಾತಿಯ ವಸ್ತು. ಮೈಯಲ್ಲಿ ನೀರು ತುಂಬಿ ಊದಿಕೊಂಡ ರೋಗಿಗಳಿಗೆ ಆ ಎಲೆಯನ್ನು ಕೊಟ್ಟು ಗುಣ ಕಂಡ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪುಸ್ತಕವನ್ನೇ ಬರೆದ. ಔಷಧದ ಹೆಸರು ಡಿಜಿಟಾಲಿಸ್.

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಆ ಹೊತ್ತಿಗೆ ಡಿಜಿಟಾಲಿಸ್ ಹಳೆಯ ಔಷಧ. ಆದರೆ ಅದು ಹೃದಯದೊಳಗೆ ಮಾಡುವುದಾದರೂ ಏನು ಎಂದು ಅಂದಿನ ವಿದ್ಯಾರ್ಥಿಯೊಬ್ಬ ಕೇಳಿದ್ದರೆ, ಮೈಸೂರೇಕೆ, ಲಂಡನ್ನಿನಲ್ಲಿಯೂ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಹೃದಯದಲ್ಲಲ್ಲ, ರಕ್ತದಲ್ಲಿ. ಕೆಂಪು ಕಣದೊಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 20 ಪಟ್ಟು ಹೆಚ್ಚು. ಸೋಡಿಯಂ ಹೊರಗೇ ಹೆಚ್ಚು. ತಣ್ಣಗಿಟ್ಟ ರಕ್ತದಲ್ಲಿ ಪೊಟ್ಯಾಸಿಯಂ ಸೋರಿಹೋಗುತ್ತದೆ, ಬೆಚ್ಚಗೆ ಮಾಡಿ ಗ್ಲೂಕೋಸ್ ಕೊಟ್ಟರೆ ಒಳಗೆ ಮರಳುತ್ತದೆ ಎಂದು 1941ರಲ್ಲಿ ಅಮೆರಿಕದ ಹ್ಯಾರಿಸ್ ತೋರಿಸಿದರು. ಅಂದರೆ ಕಣದ ಪೊರೆಯಲ್ಲಿ ಸಕ್ಕರೆಯ ಶಕ್ತಿಯಿಂದ ನಡೆಯುವ ಪಂಪೊಂದು ಇರಲೇಬೇಕು! 1953ರಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಶಾಟ್ಸ್‌ಮನ್ ಡಿಜಿಟಾಲಿಸ್ ವರ್ಗದ ವಸ್ತುಗಳನ್ನು ಕೆಂಪು ಕಣಗಳಿಗೆ ಸೇರಿಸಿದಾಗ ಈ ಸಾಗಣೆ ನಿಂತೇಹೋಯಿತು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೋ ಏಡಿಯ ನರದಲ್ಲಿ ಪಂಪನ್ನು ನಡೆಸುವ ಕಿಣ್ವವನ್ನು ಗುರುತಿಸಿದರು. ನೊಬೆಲ್ ಪ್ರಶಸ್ತಿ ಬರಲು 1997ರವರೆಗೆ ಕಾಯಬೇಕಾಯಿತು.

ಪಂಪು ಒಂದು ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಹೃದಯದ ಸ್ನಾಯುವಿನಲ್ಲಿ ಔಷಧ ಇದನ್ನು ತಡೆದಾಗ ಒಳಗೆ ಸೋಡಿಯಂ ಏರುತ್ತದೆ. ಅದರಿಂದ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗಿ ಮಿಡಿತ ಬಲಗೊಳ್ಳುತ್ತದೆ. ರೋಗಿಯ ಹೃದಯದ ತುಣುಕನ್ನು ದಿನವೂ ಕತ್ತರಿಸಿ ನೋಡಲಾದೀತೇ? ಆದ್ದರಿಂದ 1970ರ ದಶಕದಲ್ಲಿ ಆಕ್ಸ್‌ಫರ್ಡಿನ ವೈದ್ಯರು ಡಿಜಾಕ್ಸಿನ್ ಸೇವಿಸುವ ಹೃದ್ರೋಗಿಗಳ ಕೆಂಪು ಕಣಗಳನ್ನೇ ಪರೀಕ್ಷಿಸಿದರು. ಚಿಕಿತ್ಸೆಯ ಮೊದಲ ದಿನಗಳಲ್ಲಿ ಅಲ್ಲಿಯ ಪಂಪು ನಿಧಾನವಾಗಿ, ಸೋಡಿಯಂ ಏರಿದ್ದು ಕಂಡಿತು.

ಹಿತ್ತಲಿನ ಹಳದಿ ಕಣಗಿಲೆಯ ಕಾಯಿ ತಿಂದು ಆಸ್ಪತ್ರೆಗೆ ಬರುವವರ ಸಂಕಟದ ಮೂಲವೂ ಇದೇ ಪಂಪು. ಅದು ನಿಂತರೆ ಪೊಟ್ಯಾಸಿಯಂ ರಕ್ತದಲ್ಲಿಯೇ ಉಳಿದು ಏರುತ್ತದೆ, ನಾಡಿ ತಪ್ಪುತ್ತದೆ. ಡಿಜಾಕ್ಸಿನ್‌ಗಾಗಿ ತಯಾರಿಸಿದ ಪ್ರತಿವಿಷ ಈ ಕಾಯಿಯ ವಿಷಕ್ಕೂ ನಾಟುತ್ತದೆ ಎಂಬುದು 2000ದಲ್ಲಿ ಪ್ರಕಟವಾದ ಶ್ರೀಲಂಕಾದ ಪ್ರಯೋಗದಿಂದ ಸ್ಪಷ್ಟವಾಯಿತು.