ಫಿಲ್ಮಿನೊಳಗಿನ ಬೆಳ್ಳಿ

ಫೋಟೊ ಫಿಲ್ಮಿನ ಬೆಲೆ ಏರುತ್ತಿದೆ ಎಂಬ ದೂರು ಈಗ ಕೇಳಿಬರುವುದು ಹವ್ಯಾಸಿಗಳಿಂದ ಮಾತ್ರ. ಒಂದು ಕಾಲದಲ್ಲಿ ಅದು ಎಲ್ಲರ ದೂರಾಗಿತ್ತು. ಒಂದು ರೋಲಿಗೆ 36 ಚಿತ್ರ. ಮದುವೆ ಮನೆಯಲ್ಲಿ ಯಾರನ್ನು ನಿಲ್ಲಿಸಬೇಕು, ಯಾರನ್ನು ಬಿಡಬೇಕು ಎಂಬುದು ಆ ಲೆಕ್ಕದಲ್ಲೇ ತೀರ್ಮಾನವಾಗುತ್ತಿತ್ತು. ತಸ್ವೀರಿನ ಬಗ್ಗೆ ಹಿರಿಯರಿಗಿದ್ದ ಹಿಂಜರಿಕೆಯೂ ಸೇರಿ, ನಮ್ಮ ಅನೇಕ ಮನೆಗಳಲ್ಲಿ ದಾದಿ-ನಾನಿಯರ ಮುಖವೆಂದು ಉಳಿದಿರುವುದು ಹಜ್ಜಿಗೆ ಹೊರಟಾಗ ತೆಗೆಸಿದ ಒಂದು ಪಾಸ್‌ಪೋರ್ಟ್ ಚಿತ್ರ. ಹಿಂಜರಿಕೆಯ ಬಗ್ಗೆ ನಾವು ಬೇಕಾದಷ್ಟು ಚರ್ಚಿಸಿದ್ದೇವೆ, ಬೆಲೆಯ ಬಗ್ಗೆ ಚರ್ಚಿಸಿದ್ದು ಕಡಿಮೆ.

ಫಿಲ್ಮ್ ಎಂದರೆ ಬೆಳ್ಳಿ. ಜೆಲಾಟಿನ್ ಲೇಪದಲ್ಲಿರುವ ಬೆಳ್ಳಿಯ ಲವಣಕ್ಕೆ ಬೆಳಕು ತಾಗಿ, ಅದನ್ನು ಕತ್ತಲ ಕೋಣೆಯಲ್ಲಿ ಸಂಸ್ಕರಿಸಿದಾಗ ಕಪ್ಪು-ಬಿಳುಪು ಚಿತ್ರ ಬೆಳ್ಳಿಯ ಕಣಗಳಾಗಿಯೇ ಮೂಡುತ್ತದೆ. ಉಳಿದ ಬೆಳ್ಳಿ ಹೈಪೊ ನೀರಿನಲ್ಲಿ ಕರಗುತ್ತದೆ. ಆ ನೀರಿನಿಂದಲೂ ಬೆಳ್ಳಿ ತೆಗೆದು ಮಾರುವವರಿದ್ದರು. ಹೀಗಾಗಿ ಚಿನಿವಾರಪೇಟೆಯ ಏರಿಳಿತ ಸ್ಟುಡಿಯೊದ ಒಳಗೂ ಬರುತ್ತಿತ್ತು.

ಇದು ಜಗತ್ತಿಗೇ ಗೊತ್ತಾದದ್ದು 1980ರಲ್ಲಿ. ಅಮೆರಿಕದ ಟೆಕ್ಸಸ್‌ನ ಎಣ್ಣೆ ಶ್ರೀಮಂತರಾದ ಬಂಕರ್ ಹಂಟ್ ಮತ್ತು ಹರ್ಬರ್ಟ್ ಹಂಟ್ ಸಹೋದರರು ಬೆಳ್ಳಿಯನ್ನು ಕೋಟಿಗಟ್ಟಲೆ ಔನ್ಸ್ ಲೆಕ್ಕದಲ್ಲಿ ಕೊಂಡು ಕೂಡಿಹಾಕತೊಡಗಿದರು. ಬಂಕರ್ ಹಂಟ್‌ನ ಲಿಬಿಯಾದ ಎಣ್ಣೆಬಾವಿಗಳನ್ನು ಗದ್ದಾಫಿ ಸರಕಾರ 1973ರಲ್ಲಿ ವಶಪಡಿಸಿಕೊಂಡಿತ್ತು. ಮುಂದೆ ಬೆಳ್ಳಿಯ ವ್ಯಾಪಾರದಲ್ಲಿ ಸೌದಿಯ ಧನಿಕರೂ ಈ ಸಹೋದರರ ಪಾಲುದಾರರಾದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ದಾಸ್ತಾನುಕೋರತನವನ್ನು ಖಂಡಿಸುವ ಹದೀಸ್‌ಗಳು ಅವರಿಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. 1979ರ ಆರಂಭದಲ್ಲಿ ಔನ್ಸಿಗೆ ಸುಮಾರು 6 ಡಾಲರ್ ಇದ್ದ ಬೆಳ್ಳಿ 1980ರ ಜನವರಿಯಲ್ಲಿ 50ರ ಹತ್ತಿರ ಬಂತು. ಜನ ಚಮಚ, ದೀಪದ ಕಂಬಗಳನ್ನು ಕರಗಿಸಲು ಸಾಲುಗಟ್ಟಿದರು. ಕೊಡಕ್ ಫಿಲ್ಮಿನ ಬೆಲೆ ಏರಿತು, ಆಸ್ಪತ್ರೆಯ ಎಕ್ಸ್‌ರೇ ತುಟ್ಟಿಯಾಯಿತು. ಮಾರ್ಚ್ 27ರ ಗುರುವಾರ ಬೆಳ್ಳಿ 11 ಡಾಲರಿಗಿಂತ ಕೆಳಗೆ ಕುಸಿಯಿತು. ಸಹೋದರರು ಸಂಚು ನಡೆಸಿದ್ದರೆಂದು ನ್ಯೂಯಾರ್ಕಿನ ಜ್ಯೂರಿ ಹೇಳಿದ್ದು 1988ರಲ್ಲಿ.

ಹೊರದೇಶದ ಫಿಲ್ಮನ್ನೇ ನಂಬಿಕೊಂಡಿರಬಾರದೆಂದು ನಮ್ಮ ಸರಕಾರ 1960ರಲ್ಲೇ ಊಟಿಯಲ್ಲಿ ಹಿಂದುಸ್ಥಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತ್ತು. ಅದರ 'ಇಂದು' ಫಿಲ್ಮ್ ನಮ್ಮ ಸ್ಟುಡಿಯೊಗಳಿಗೂ ಬರುತ್ತಿತ್ತು. 1990ರ ದಶಕದಲ್ಲಿ ಅದು ರೋಗಗ್ರಸ್ತ ಉದ್ದಿಮೆ ಎನಿಸಿಕೊಂಡು ಮುಂದೆ ಮುಚ್ಚಿಹೋಯಿತು.

ಬೆಳ್ಳಿಯಿಂದಾಗಿ ಹೊಸ ಫಿಲ್ಮ್ ದುಬಾರಿಯಾಗುವುದು ಒಂದು ಕಡೆ. ಹಳೆಯ ಫಿಲ್ಮಿಗೆ ಬರುವ ಕುತ್ತು ಇನ್ನೊಂದು ಕಡೆ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ತೆರೆಕಂಡಿತು. ಅದರಲ್ಲಿ ಫಕೀರನಾಗಿ ಹಾಡಿದ ವಜೀರ್ ಮುಹಮ್ಮದ್ ಖಾನ್ ನಮ್ಮ ಸಿನಿಮಾದ ಮೊದಲ ಗಾಯಕ. ಇಂದು ಆ ಚಿತ್ರದ ಒಂದು ಪ್ರತಿಯೂ ಇಲ್ಲ. ಪುಣೆಯ ಚಲನಚಿತ್ರ ಭಂಡಾರವನ್ನು ಕಟ್ಟಿದ ಪಿ.ಕೆ. ನಾಯರ್ ಅದನ್ನು ಹುಡುಕಿ ಹೋದಾಗ, ನಿರ್ದೇಶಕ ಆರ್ದೇಶಿರ್ ಇರಾನಿಯವರ ಮಗನಿಂದ ತಿಳಿದದ್ದು ಇಷ್ಟೆ: ರೀಲುಗಳಿಂದ ಬೆಳ್ಳಿ ತೆಗೆಯಲಾಗಿತ್ತು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ' ಕೂಡ ಉಳಿದಿಲ್ಲ.

ಈಚಿನ ಬೆಲೆ ಏರಿಕೆಗೆ ಮುಖ್ಯ ಕಾರಣ ಬೇರೆ. ಫಿಲ್ಮಿಗೆ ಲೇಪ ಹಚ್ಚುವ ದೈತ್ಯ ಯಂತ್ರಗಳು ನಡೆಯುತ್ತಿದ್ದದ್ದು ಸಿನಿಮಾದ ಬಲದಿಂದ. ಚಿತ್ರಮಂದಿರಗಳು ಡಿಜಿಟಲ್ ಆದವು; 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು; 2013ರಲ್ಲಿ ಫ್ಯೂಜಿ ಸಿನಿಮಾ ಫಿಲ್ಮ್ ನಿಲ್ಲಿಸಿತು. ಯಂತ್ರದ ಖರ್ಚು ಅಷ್ಟೇ ಇದೆ, ಹಂಚಿಕೊಳ್ಳುವ ಕೈಗಳು ಕಡಿಮೆ. ಅಂದು ಕೆಲವರು ಕೂಡಿಹಾಕಿದ್ದರಿಂದ ತುಟ್ಟಿಯಾದದ್ದು ಇಂದು ಹಲವರು ಬಿಟ್ಟುಹೋದದ್ದರಿಂದ ತುಟ್ಟಿಯಾಗಿದೆ.

2025ರ ಅಕ್ಟೋಬರಿನಲ್ಲಿ ಬೆಳ್ಳಿ 50 ಡಾಲರ್ ದಾಟಿ 1980ರ ದಾಖಲೆಯನ್ನು ಮುರಿಯಿತು. ಬಾಗಿಲು ಹಾಕಿದ ಸ್ಟುಡಿಯೊಗಳ ಅಟ್ಟದಲ್ಲಿ ಕಪ್ಪು-ಬಿಳುಪು ನೆಗೆಟಿವ್‌ಗಳ ಡಬ್ಬಗಳು ಇನ್ನೂ ಅಲ್ಲಲ್ಲಿ ಬಿದ್ದಿವೆ. ಹಜ್ಜಿಗೆ ಹೋದವರ, ಗಲ್ಫಿಗೆ ಹೋದವರ, ಮದುವೆಯಾದವರ ಮುಖಗಳು ಅವುಗಳಲ್ಲಿವೆ. ಗುಜರಿಯವನು ಅವನ್ನು ತೂಕಕ್ಕೆ ಕೊಳ್ಳುತ್ತಾನೆ.