ಗಾಳದ ಕೋಲಿಗೆ ನೂಲಿನ ಸುತ್ತು

ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಮೀನುಗಾರಿಕೆಯ ಮೇಲೆ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅಂದಿನ ಕೋಲು ಬಿದಿರಿನದು. ಇಂದು ಹವ್ಯಾಸಿಗಳು ಕೋಲಿನ ಹಿಡಿಯ ಬಳಿ ಬಣ್ಣದ ನೂಲಿನಿಂದ ಬಿಡಿಸುವ ವಜ್ರಾಕೃತಿಯ ಚಿತ್ತಾರದ ಮೂಲವನ್ನು ಆ ಬಿದಿರಿನ ದೌರ್ಬಲ್ಯದಲ್ಲೇ ಹುಡುಕಬೇಕು.

ನೆಲ್ಯಾಡಿಯ ಕಡೆ ಬುಟ್ಟಿಗಾಗಿ ಬಿದಿರು ಸೀಳುವುದನ್ನು ನೀವು ನೋಡಿರಬಹುದು. ತುದಿಗೆ ಕತ್ತಿ ತಾಗಿಸಿದರೆ ಸಾಕು, ಸೀಳು ಉದ್ದಕ್ಕೂ ಓಡುತ್ತದೆ. ನಾರುಗಳೆಲ್ಲ ಒಂದೇ ದಿಕ್ಕಿನಲ್ಲಿವೆಯಲ್ಲ! ದೊಡ್ಡ ಮೀನು ಎಳೆದಾಗ ಟೊಳ್ಳು ಬಿದಿರು ಬಾಗುತ್ತದೆ, ಚಪ್ಪಟೆಯಾಗಲು ಹವಣಿಸುತ್ತದೆ. ಆಗ ಅದು ಸೀಳದಂತೆ ತಡೆಯುವುದು, ಪೀಪಾಯಿಯ ಪಟ್ಟಿಯಂತೆ ಅಡ್ಡಲಾಗಿ ಬಿಗಿದ ನೂಲು. ದಾರ ಹಾಯುವ ಉಂಗುರಗಳನ್ನೂ ನೂಲಿನಿಂದಲೇ ಕಟ್ಟಬೇಕು. ಮೊಳೆ ಹೊಡೆದರೆ ಕೋಲೇ ಸೀಳೀತು. ಇಲ್ಲಿ ಗಂಟು ಇಲ್ಲ. ನೂಲಿನ ಕೊನೆಯನ್ನು ಸುತ್ತುಗಳ ಅಡಿಗೆ ಎಳೆದುಬಿಟ್ಟರೆ ಘರ್ಷಣೆಯೇ ಅದನ್ನು ಹಿಡಿದಿಡುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಿದಿರಿನ ಆರು ಸೀಳುಗಳನ್ನು ಅಂಟಿಸಿದ ಷಟ್ಕೋನ ಕೋಲುಗಳು ಬಂದವು. ಆಗಿನ ಪ್ರಾಣಿಜನ್ಯ ಅಂಟು ತೇವಕ್ಕೆ ಮೆತ್ತಗಾಗುತ್ತಿತ್ತು. ಆದ್ದರಿಂದ ಕೋಲಿನುದ್ದಕ್ಕೂ ಅಲ್ಲಲ್ಲಿ ರೇಷ್ಮೆಯ ಸುತ್ತು, ಮೇಲೆ ವಾರ್ನಿಷ್. ವಾರ್ನಿಷ್ ಹೀರಿದ ರೇಷ್ಮೆ ಪಾರದರ್ಶಕವಾಗುತ್ತದೆ. ಅದರಡಿಯ ಬಿದಿರೂ ಕಾಣುತ್ತದೆ. ಅಂದದ ಕಡೆಗೆ ಕುಶಲಕರ್ಮಿಗಳ ಗಮನ ಹರಿದದ್ದು ಸಹಜವೇ.

ಎರಡನೆಯ ಮಹಾಯುದ್ಧದ ನಂತರ ನೀರಿಗೆ ಜಗ್ಗದ ಕೃತಕ ಅಂಟುಗಳೂ ಗಾಜಿನ ನಾರಿನ ಕೋಲುಗಳೂ ಬಳಕೆಗೆ ಬಂದವು. ನಡುವಣ ಸುತ್ತುಗಳಿಗೆ ಕೆಲಸವಿಲ್ಲವಾಯಿತು. ಉಂಗುರ ಕಟ್ಟಲು ಮಾತ್ರ ಇಂದಿಗೂ ನೂಲೇ: ರೇಷ್ಮೆಯ ಬದಲು ಹೆಚ್ಚಾಗಿ ನೈಲಾನ್, ವಾರ್ನಿಷಿನ ಬದಲು ಎಪಾಕ್ಸಿ.